ಸಿಸ್ಟ್‌ಗೆ ‘ಚೀಲ’ ಅನ್ನಬಹುದಾ? ಕಲಬುರಗಿಯಿಂದ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಮುಂದಿನ ವಾರ ನನಗೆ ಆಪರೇಷನ್ ಇದೆ. ಎಡಗಡೆ ಓವರಿಯಲ್ಲಿ (ಅಂಡಾಶಯದಲ್ಲಿ) ಸಿಸ್ಟ್, ಅಂದರೆ ಒಳಗೆ ಏನಾದರೂ ತುಂಬಿಕೊಂಡು ಬೆಳೆಯುವ ಉಬ್ಬು, 11 ಸೆಂಟಿಮೀಟರ್. ಡಾಕ್ಟರ್ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು: ಬಾದಾಮಿಯಂಥ ಓವರಿ, ಅದಕ್ಕೆ ಅಂಟಿಕೊಂಡು ಸುಲಿದ ತೆಂಗಿನಕಾಯಿಯಷ್ಟು ಸಿಸ್ಟ್. ಅದರ ಭಾರಕ್ಕೆ ಓವರಿ ತಿರುಚಿಕೊಂಡರೆ ರಕ್ತ ಹೋಗುವುದೇ ನಿಂತುಬಿಡುತ್ತದೆ, ಕಾಯುವುದು ಬೇಡ ಅಂದರು. ಇಷ್ಟೆಲ್ಲ ಅರ್ಥವಾಯಿತು. ತೊಡಕಾಗಿದ್ದು ಒಪ್ಪಿಗೆ ಪತ್ರದಲ್ಲಿ.

ಪತ್ರ ಕನ್ನಡದಲ್ಲೇ ಇತ್ತು, ಖುಷಿಯಾಯಿತು. ಆದರೆ ಬರೆದಿದ್ದು ‘ಅಂಡಾಶಯದ ಚೀಲ ತೆಗೆಯಲು ಒಪ್ಪಿಗೆ ಇದೆ’ ಅಂತ. ಜೊತೆಗೆ ಬಂದಿದ್ದ ನಮ್ಮತ್ತೆ ಆಳಂದ ಕಡೆಯವರು. ನಾನು ಓದಿ ಹೇಳಿದ್ದೇ ತಡ, ಕಾಗದ ಕಿತ್ತುಕೊಂಡರು. “ಚೀಲಾ ತೆಗಿತಾರಂತ? ನಿನಗ ಇನ್ನಾ ಒಂದೇ ಕೂಸು ಅದ! ಸಹಿ ಮಾಡಬ್ಯಾಡ.”

ನಮ್ಮ ಕಡೆ ಗರ್ಭಕೋಶ ಅಂದರೆ ಗರ್ಭಚೀಲ, ಮಾತಿನಲ್ಲಿ ಬರೀ ಚೀಲ. ‘ಆಕೀದು ಚೀಲ ತೆಗಿಸ್ಯಾರ’ ಅಂದರೆ ಮತ್ತೇನೂ ಕೇಳಬೇಕಿಲ್ಲ. ಅತ್ತೆ ಸುಮ್ನೆ ಹೆದರಿದ್ದಲ್ಲ. ಹೊಟ್ಟೆನೋವು ಅಂತ ಹೋದ ಹೆಂಗಸರ, ಅದರಲ್ಲೂ ಲಂಬಾಣಿ ತಾಂಡಾಗಳವರ ಗರ್ಭಕೋಶವನ್ನೇ ಬೇಕಿಲ್ಲದಿದ್ದರೂ ತೆಗೆದರು ಎಂಬ ಆರೋಪ 2015ರಲ್ಲಿ ಇದೇ ಜಿಲ್ಲೆಯಲ್ಲಿ ದೊಡ್ಡ ಸುದ್ದಿಯಾಗಿತ್ತು.

ತಮಾಷೆ ಅಂದರೆ, ಮೂಲ ಹುಡುಕಿದರೆ ಅನುವಾದ ತಪ್ಪಲ್ಲ. ಸಿಸ್ಟ್ ಬಂದಿರುವುದು ಗ್ರೀಕಿನ ‘ಕುಸ್ಟಿಸ್’ನಿಂದ. ಅದರ ಅರ್ಥ ಚೀಲ, ಮೂತ್ರಕೋಶ. ಪತ್ರ ಬರೆದವರು ನಿಘಂಟು ನೋಡಿದ್ದಾರೆ, ಕಲಬುರಗಿಯ ಹೆಂಗಸರನ್ನು ಕೇಳಿಲ್ಲ.

ಹಾಗಾದರೆ ಏನು ಅನ್ನೋಣ? ‘ಗಡ್ಡೆ’ ಎಲ್ಲರಿಗೂ ಗೊತ್ತು. ಆದರೆ ಗಡ್ಡೆ ಅಂದ ಕೂಡಲೇ ಕ್ಯಾನ್ಸರ್ ನೆನಪಾಗುತ್ತದೆ. ನಮ್ಮಮ್ಮನ ಮುಂದಂತೂ ಆ ಪದ ತೆಗೆಯುವ ಹಾಗೇ ಇಲ್ಲ. ‘ನೀರ್ಗುಳ್ಳೆ’ ಚೆಂದದ ಪದ. ಪಿಸಿಒಡಿ ಅನ್ನುವ ತೊಂದರೆಯಲ್ಲಿ ಓವರಿಯಲ್ಲಿ ಕಾಣುವ ಸಣ್ಣ ಸಣ್ಣವಕ್ಕೆ ಒಪ್ಪುತ್ತದೆ, ತೆಂಗಿನಕಾಯಿ ಗಾತ್ರದ್ದಕ್ಕೆ ಗುಳ್ಳೆ ಅಂದರೆ ನಗು ಬರುತ್ತೆ ಅಲ್ವಾ? ಸ್ಕ್ಯಾನಿಂಗ್ ಸಾಲಿನಲ್ಲಿ ಪಕ್ಕ ಕೂತಿದ್ದ ಖಾಲಾ ಉರ್ದುವಿನಲ್ಲಿ ‘ರಸೋಲಿ’ ಅಂದರು. ಅವರು ಫೈಬ್ರಾಯ್ಡ್‌ಗೂ (ಗರ್ಭಕೋಶದಲ್ಲಿ ಬೆಳೆಯುವ ಗಟ್ಟಿ ಗಡ್ಡೆ) ಅದನ್ನೇ ಅನ್ನುತ್ತಾರಂತೆ. ಕೊನೆಗೆ ನರ್ಸ್ ಬಂದು “ನೀರಿನ ಗಂಟು ಅಮ್ಮಾ, ಚೀಲ ಮುಟ್ಟಂಗಿಲ್ಲ” ಅಂದಾಗ ಅತ್ತೆ ಕಾಗದ ವಾಪಸ್ ಕೊಟ್ಟರು. ನನಗೂ ಅದೇ ಹಿಡಿಸಿತು. ಆದರೆ ಎಲ್ಲ ಸಿಸ್ಟ್‌ನಲ್ಲೂ ನೀರಿರಲ್ಲ. ಡರ್ಮಾಯ್ಡ್ ಅನ್ನುವ ಬಗೆಯ ಸಿಸ್ಟ್‌ನಲ್ಲಿ ಕೂದಲು, ಒಮ್ಮೊಮ್ಮೆ ಹಲ್ಲು ಕೂಡ ಇರುತ್ತದೆ. ಚಾಕೊಲೇಟ್ ಸಿಸ್ಟ್‌ನಲ್ಲಿ ಹಳೇ ರಕ್ತ. ಅಂಥವಕ್ಕೆ ಬರೀ ‘ಗಂಟು’ ಸಾಕಾ?

ಇನ್ನೊಂದು. ‘ತೆಗೆ’ ಅಂದರೆ ಎಷ್ಟು ತೆಗೆಯುತ್ತಾರೆ ಅನ್ನುವುದು ಗೊತ್ತಾಗಲ್ಲ. ಸಿಸ್ಟ್ ಒಂದನ್ನೇ ತೆಗೆಯುವುದು ಬೇರೆ, ಓವರಿ ಸಮೇತ ತೆಗೆಯುವುದು ಬೇರೆ. ಡಾಕ್ಟರ್ ಬಾಯಲ್ಲಿ ಬಂದದ್ದು “ಗಂಟಷ್ಟೇ ಬಿಡಿಸ್ತೀವಿ, ಓವರಿ ಉಳಿಸ್ತೀವಿ” ಅಂತ. ಹಸಿ ತೊಗರಿಕಾಯಿ ಬಿಡಿಸುತ್ತೇವಲ್ಲ, ಆ ‘ಬಿಡಿಸು’. ಕಾಳು ಕೈಗೆ ಬರುತ್ತದೆ, ಸಿಪ್ಪೆ ಹಾಗೇ ಉಳಿಯುತ್ತದೆ. ಪತ್ರದಲ್ಲಿ ‘ತೆಗೆಯಲು’ ಹೊಡೆದು ‘ಬಿಡಿಸಲು’ ಅಂತ ಬರೆಸಬಹುದಾ, ಅಥವಾ ಬರಹಕ್ಕೆ ಅದು ತೀರಾ ಅಡುಗೆಮನೆ ಮಾತಾಯಿತಾ?

ಬೀದರ್, ಮೈಸೂರು, ಮಂಗಳೂರು ಕಡೆ ಮನೆಯಲ್ಲಿ ಇದಕ್ಕೆ ಏನಂತೀರಿ, ತಿಳಿಸಿ. ಸೋಮವಾರದೊಳಗೆ ಆದರೆ ಒಳ್ಳೆಯದು, ಸಹಿ ಅವತ್ತೇ ಹಾಕಬೇಕು.