ಎಕ್ಸ್‌ಅರೇಯಲ್ಲಿ ಇಂಡೆಕ್ಸ್ ಸೃಷ್ಟಿಯಾಗಿಲ್ಲ, ಎರರ್ ಬರುತ್ತಿಲ್ಲ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಇದರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ, ಪೈಥಾನ್‌ನ ಎಕ್ಸ್‌ಅರೇ (ಲೇಬಲ್ ಇರುವ ಡೇಟಾದ ಲೆಕ್ಕಕ್ಕೆ ಬಳಸುವ ಲೈಬ್ರರಿ) ಗೊತ್ತಿರುವವರು ದಯವಿಟ್ಟು ನೋಡಿ.

ನನ್ನ ಹತ್ತಿರ ಮಳೆಮಾಪನ ಕೇಂದ್ರಗಳ ಎರಡು ಡೇಟಾಸೆಟ್ ಇವೆ. ಎರಡರಲ್ಲೂ ಕೇಂದ್ರಗಳು ಅವೇ, ಸಂಖ್ಯೆಯೂ ಒಂದೇ, ಸಾಲಿನ ಕ್ರಮ ಮಾತ್ರ ಬೇರೆ. ಮೊದಲನೆಯದರಲ್ಲಿ ಡೈಮೆನ್ಷನ್ (ಡೇಟಾದ ಅಕ್ಷ) ಹೆಸರು 'ಸ್ಟೇಷನ್', ಕೇಂದ್ರದ ಕೋಡ್‌ಗಳಿದ್ದ ಕೋಆರ್ಡಿನೇಟ್ (ಆ ಅಕ್ಷದ ಲೇಬಲ್‌ಗಳು) ಹೆಸರು 'ಕೋಡ್'. ರಿನೇಮ್ ಮಾಡಿ 'ಕೋಡ್' ಅನ್ನು 'ಸ್ಟೇಷನ್' ಮಾಡಿದೆ. ಒಂದು ವಾರ್ನಿಂಗ್ ಬಂತು, ಓದದೆ ಮುಂದೆ ಹೋದೆ. ತಪ್ಪಾಗಿದ್ದು ಅಲ್ಲೇ: ಹೆಸರು ಬದಲಾಯಿತು, ಆದರೆ ಇಂಡೆಕ್ಸ್ (ಲೇಬಲ್ ನೋಡಿ ಸಾಲು ಹುಡುಕಲು ಬೇಕಾದ ಪಟ್ಟಿ) ಸೃಷ್ಟಿಯಾಗಲಿಲ್ಲ.

ಆಮೇಲೆ ಒಂದರಿಂದ ಇನ್ನೊಂದನ್ನು ಕಳೆದೆ. ಲೇಬಲ್ ನೋಡಿ ಹೊಂದಿಸಿಕೊಳ್ಳುತ್ತದೆ ಅಂದುಕೊಂಡಿದ್ದೆ. ಅದು ಮೊದಲ ಸಾಲಿನಿಂದ ಮೊದಲ ಸಾಲು, ಎರಡನೆಯದರಿಂದ ಎರಡನೆಯದು ಅಂತ ಕಳೆದುಬಿಟ್ಟಿದೆ! ಮಲೆನಾಡಿನ ಮಳೆಯಿಂದ ಬಯಲುಸೀಮೆಯ ಮಳೆ ಕಳೆದ ಉತ್ತರ ಬಂದಿದೆ, ಒಂದು ಎರರ್ ಕೂಡ ಇಲ್ಲ. 'ಸೆಲ್' ಹಾಕಿ ಒಂದು ಕೇಂದ್ರ ಹುಡುಕಿದಾಗಲೇ 'ಈ ಕೋಆರ್ಡಿನೇಟ್‌ಗೆ ಇಂಡೆಕ್ಸ್ ಇಲ್ಲ' ಎಂಬ ಕೀಎರರ್ ಬಂದು ವಿಷಯ ಗೊತ್ತಾಗಿದ್ದು.

ರಿನೇಮ್ ಆದಮೇಲೆ 'ಸೆಟ್_ಎಕ್ಸ್‌ಇಂಡೆಕ್ಸ್' ಹಾಕಿ ಇಂಡೆಕ್ಸ್ ಮಾಡಿಕೊಂಡರೆ ಸರಿಹೋಗುತ್ತದೆ. ರಿನೇಮ್ ಬದಲು 'ಸ್ವಾಪ್_ಡಿಮ್ಸ್' ಬಳಸಿದರೂ ಇಂಡೆಕ್ಸ್ ಸಿಗುತ್ತದೆ. ಆದರೆ 'ಅರಿಥ್ಮೆಟಿಕ್_ಜಾಯಿನ್' ಎಂಬ ಸೆಟ್ಟಿಂಗ್ ಅನ್ನು 'ಎಕ್ಸಾಕ್ಟ್' (ಇಂಡೆಕ್ಸ್‌ಗಳು ತಾಳೆಯಾಗದಿದ್ದರೆ ಎರರ್) ಮಾಡಿದರೂ ಈ ತಪ್ಪು ಹಿಡಿಯಲಿಲ್ಲ. ಒಂದು ಕಡೆ ಇಂಡೆಕ್ಸೇ ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ, ಉದ್ದ ಒಂದೇ ಇದ್ದರೆ ಸಾಕು ಅಂತ ಬಿಟ್ಟುಬಿಡುತ್ತದೆ ಅನ್ನಿಸುತ್ತದೆ.

ನನ್ನ ಸ್ಕ್ರಿಪ್ಟ್‌ನಲ್ಲಿ ಇಂಥ ಲೆಕ್ಕಗಳು ಹತ್ತಾರು ಕಡೆ ಇವೆ. ಇಂಡೆಕ್ಸ್ ಇಲ್ಲದ ಡೈಮೆನ್ಷನ್ ಸಿಕ್ಕ ತಕ್ಷಣ ಲೆಕ್ಕ ನಿಂತು ಎರರ್ ಕೊಡುವಂತೆ ಮಾಡುವ ಸೆಟ್ಟಿಂಗ್ ಇದೆಯಾ? ಇಲ್ಲವಾದರೆ, ಪ್ರತಿ ಲೆಕ್ಕಕ್ಕೂ ಮುಂಚೆ 'ಎಕ್ಸ್‌ಇಂಡೆಕ್ಸಸ್' (ಡೇಟಾದಲ್ಲಿರುವ ಇಂಡೆಕ್ಸ್‌ಗಳ ಪಟ್ಟಿ) ನಾನೇ ಪರೀಕ್ಷಿಸಬೇಕಾ?