ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಹೋಗಿ ಲೋಕಾಯುಕ್ತ ವಾಪಸ್ ಬಂತಲ್ಲ, ಆದ್ರೂ ದೊಡ್ಡೋರಿಗೆ ಯಾಕೆ ಭಯ ಇಲ್ಲ?

ಬೆಣ್ಣೆನಗರಿ:
ಎಲ್ರಿಗೂ ನಮಸ್ಕಾರ. ಅಪ್ಪನ ಹೊಲದ ಪೋಡಿ (ಅಳತೆ ಮಾಡಿ ಭಾಗ ಬೇರೆ ಮಾಡೋದು) ಮಾಡಿಸ್ಬೇಕು ಅಂತ ನಾಲ್ಕು ತಿಂಗಳಿಂದ ಓಡಾಡ್ತಿದೀನಿ, ಹೋದ ವಾರ ಆಫೀಸಲ್ಲಿ ಒಬ್ಬ ನೇರವಾಗೇ ದುಡ್ಡು ಕೇಳಿದ, ಲೋಕಾಯುಕ್ತಕ್ಕೆ ಕಂಪ್ಲೇಂಟ್ ಕೊಡ್ತೀನಿ ಅಂದೆ, ಆ ಮನುಷ್ಯ "ಕೊಡಪ್ಪ, ನಾನು ಸಿಕ್ಕಾಕೊಂಡ್ರೆ ನಾನೊಬ್ನೇ, ಮೇಲಿನೋರಿಗೆ ಏನೂ ಆಗಲ್ಲ" ಅಂದ. ಸಿಟ್ಟು ಬಂತು, ಆದ್ರೆ ಅವನು ಹೇಳಿದ್ರಲ್ಲಿ ಸುಳ್ಳೂ ಇರ್ಲಿಲ್ಲ ಅನ್ಸುತ್ತೆ. ನಾನು ಚಿಕ್ಕೋನಿದ್ದಾಗ ಲೋಕಾಯುಕ್ತರಾಗಿದ್ದ ವೆಂಕಟಾಚಲ ಅವರು ರೈಡ್‌ಗೆ ಬರ್ತಾರೆ ಅಂದ್ರೆ ಆಫೀಸುಗಳೇ ನಡುಗ್ತಿದ್ವು ಅಂತ ಅಪ್ಪ ಈಗ್ಲೂ ಹೇಳ್ತಾರೆ. ಕೋರ್ಟು ಎಸಿಬಿನ ರದ್ದು ಮಾಡಿ ಪವರ್ ಎಲ್ಲಾ ಲೋಕಾಯುಕ್ತಕ್ಕೆ ವಾಪಸ್ ಕೊಟ್ಟಿದೆ ತಾನೆ? ಮತ್ತೆ ಯಾಕೆ ಹಿಂಗೆ? ಗೊತ್ತಿರೋರು ಬಿಡಿಸಿ ಹೇಳಿ.

ಕರಿಕೋಟು:
ತಮ್ಮಾ, ಅಧಿಕಾರ ವಾಪಸ್ ಬಂತು, ಹಳೇ ಭಯ ವಾಪಸ್ ಬಂದಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಓದು.

2011ರ ಜುಲೈ 27ಕ್ಕೆ ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿ ವರದಿ ಕೊಟ್ರು, 31ಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ರು. (ಒಂದು ಕಿಕ್‌ಬ್ಯಾಕ್ ಕೇಸಲ್ಲಿ 2016ರಲ್ಲಿ ಸಿಬಿಐ ಕೋರ್ಟು ಅವರನ್ನ ಖುಲಾಸೆ ಮಾಡ್ತು, ಅದನ್ನೂ ಹೇಳ್ಬೇಕು.) ಆದ್ರೆ ಮುಖ್ಯಮಂತ್ರಿ ಕುರ್ಚಿ ಒಂದು ವರದಿಗೆ ಅಲ್ಲಾಡುತ್ತೆ ಅಂತ ಎಲ್ಲಾ ಪಕ್ಷದೋರಿಗೂ ಅವತ್ತೇ ಗೊತ್ತಾಯ್ತು. 2015ರಲ್ಲಿ ಲೋಕಾಯುಕ್ತ ಸಂಸ್ಥೆಯ ಒಳಗೇ ಸುಲಿಗೆ ಆರೋಪ ಬಂತು, ನಮಗೆಲ್ಲ ತಲೆ ತಗ್ಗಿಸೋ ಹಾಗಾಯ್ತು, ಡಿಸೆಂಬರ್‌ನಲ್ಲಿ ಲೋಕಾಯುಕ್ತ ಭಾಸ್ಕರ ರಾವ್ ರಾಜೀನಾಮೆ ಕೊಟ್ರು. ಆಗ ಮಾಡ್ಬೇಕಿದ್ದಿದ್ದು ಏನು, ಒಳ್ಳೆಯವರನ್ನ ತಂದು ಕೂರಿಸೋದು. ಮಾಡಿದ್ದೇನು, ಕುರ್ಚಿ ಒಂದು ವರ್ಷಕ್ಕೂ ಹೆಚ್ಚು ಖಾಲಿ ಬಿಟ್ರು, ಆ ಮಧ್ಯೆನೇ 2016ರ ಮಾರ್ಚ್ 14ಕ್ಕೆ ಸಿದ್ದರಾಮಯ್ಯ ಸರ್ಕಾರ ಒಂದು ಆದೇಶದಲ್ಲಿ ಎಸಿಬಿ ಹುಟ್ಟಾಕ್ತು, ಅದೇ ತಿಂಗಳು ಲೋಕಾಯುಕ್ತ ಪೊಲೀಸರ ಠಾಣೆ ಅಧಿಕಾರ ಕಿತ್ಕೊಳ್ತು. ಸದನದಲ್ಲಿ ಕಾಯ್ದೆ ತಿದ್ದಿ ಮಾಡಿದ್ದಲ್ಲ ಇದು, ಬರೀ ಸರ್ಕಾರಿ ಆದೇಶ. ಎಸಿಬಿ ಯಾರ ಕೈಕೆಳಗೆ? ಮುಖ್ಯಮಂತ್ರಿ ಕೈಕೆಳಗೆ. ಅಂದ್ರೆ ಯಾರ ಮೇಲೆ ಕಣ್ಣಿಡ್ಬೇಕೋ ಅವರೇ ಯಜಮಾನ್ರು. ಆಮೇಲೆ ಬಂದ ಸರ್ಕಾರಗಳೂ ಅದನ್ನ ಹಂಗೇ ಇಟ್ಕೊಂಡ್ವು, ವಿರೋಧ ಪಕ್ಷದಲ್ಲಿ ಕೂತಾಗ ಅದನ್ನ ಬೈದೋರೂ ಸೇರಿ. ಕೊನೆಗೆ 2022ರ ಆಗಸ್ಟ್ 11ಕ್ಕೆ ಹೈಕೋರ್ಟೇ ರದ್ದು ಮಾಡ್ಬೇಕಾಯ್ತು.

ಮಲೆನಾಡ ಮಳೆ:
ಕರಿಕೋಟು ಸರ್ ಹೇಳಿದ್ದು ಸರಿ ಇದೆ, ಆದ್ರೆ ಬೆಣ್ಣೆನಗರಿ ಅವರ ಪ್ರಶ್ನೆಗೆ ಅಸಲಿ ಉತ್ತರ 17ಎ ಅನ್ನೋ ಸೆಕ್ಷನ್‌ನಲ್ಲಿದೆ. 2018ರಲ್ಲಿ ಕೇಂದ್ರದೋರು ಭ್ರಷ್ಟಾಚಾರ ತಡೆ ಕಾಯ್ದೆಗೆ ಸೇರಿಸಿದ್ದು. ಲಂಚ ತಗೋತಿರುವಾಗ ಕೈಗೆ ಪೌಡರ್ ಹತ್ತಿ, ವಾಷಿಂಗ್ ಸೋಡಾ ಬೆರೆಸಿದ ನೀರಲ್ಲಿ ಅದ್ದಿದ್ರೆ ಗುಲಾಬಿ ಬಣ್ಣ ಬರುತ್ತಲ್ಲ ಆ ಟ್ರ್ಯಾಪ್ ಕೇಸಿಗೆ ಯಾರ ಪರ್ಮಿಷನ್ನೂ ಬೇಡ. ಆದ್ರೆ ಫೈಲಲ್ಲಿ ಸಹಿ ಹಾಕಿ ಒಂದು ನಿರ್ಧಾರ ತಗೊಂಡವರ ಮೇಲೆ ತನಿಖೆ ಶುರು ಮಾಡೋಕೂ ಮೊದಲು ಸರ್ಕಾರದ ಅನುಮತಿ ಬೇಕು. ದೊಡ್ಡೋರು ಯಾರು ಟೇಬಲ್ ಕೆಳಗೆ ಕೈ ಚಾಚಿ ಐನೂರು ತಗೋತಾರೆ ಹೇಳಿ? ಅವರದ್ದೆಲ್ಲ ಫೈಲಲ್ಲೇ ಆಗೋದು. ನಿಮ್ಮ ಆಫೀಸಿನ ಆ ಮನುಷ್ಯನಿಗೆ ಇದು ಚೆನ್ನಾಗೇ ಗೊತ್ತು.

ಜೊತೆಗೆ ಲೋಕಾಯುಕ್ತರು ವಿಚಾರಣೆ ಮುಗಿಸಿ ಕೊಡೋದು ಶಿಫಾರಸು ಅಷ್ಟೇ, ಒಪ್ಪೋದು ಬಿಡೋದು ಸರ್ಕಾರಕ್ಕೆ ಬಿಟ್ಟಿದ್ದು. ಅಲ್ಲಿರೋ ಪೊಲೀಸ್ರೂ ಡೆಪ್ಯುಟೇಶನ್ ಮೇಲೆ ಬಂದೋರು, ನಾಳೆ ವಾಪಸ್ ಅದೇ ಇಲಾಖೆಗೆ ಹೋಗ್ಬೇಕು.

ಗಡಿನಾಡ ಕನ್ನಡಿಗ:
ನಾನು ಕಾಸರಗೋಡಿನವ. ನಮ್ಮ ಕೇರಳದಲ್ಲಿ ಲೋಕಾಯುಕ್ತಕ್ಕೆ ನಿಮಗಿಂತ ಗಟ್ಟಿ ಹಲ್ಲು ಇತ್ತು. 14ನೇ ಸೆಕ್ಷನ್ ಪ್ರಕಾರ ಲೋಕಾಯುಕ್ತ ಒಬ್ಬ ಮಂತ್ರಿಯನ್ನ ಹುದ್ದೆಯಲ್ಲಿ ಮುಂದುವರಿಯೋ ಹಾಗಿಲ್ಲ ಅಂದ್ರೆ ಅವರು ಇಳೀಲೇಬೇಕಿತ್ತು. 2021ರ ಏಪ್ರಿಲ್‌ನಲ್ಲಿ ಮಂತ್ರಿ ಕೆ.ಟಿ. ಜಲೀಲ್ ರಾಜೀನಾಮೆ ಕೊಟ್ಟದ್ದು ಅಂಥ ತೀರ್ಪು ಬಂದ ಮೇಲೇ. ಮರುವರ್ಷ ಎಡರಂಗ ಸರ್ಕಾರದವರು ಸುಗ್ರೀವಾಜ್ಞೆ ತಂದರು, ಆಮೇಲೆ ಮಸೂದೆ, ಈಗ ಮುಖ್ಯಮಂತ್ರಿ ವಿರುದ್ಧ ಲೋಕಾಯುಕ್ತ ಹೇಳಿದ್ದನ್ನ ಒಪ್ಪಬೇಕಾ ಬೇಡವಾ ಅಂತ ವಿಧಾನಸಭೆ ತೀರ್ಮಾನ ಮಾಡ್ತದೆ, ಮಂತ್ರಿಗಳದ್ದು ಮುಖ್ಯಮಂತ್ರಿ ತೀರ್ಮಾನ ಮಾಡ್ತಾರೆ. ರಾಷ್ಟ್ರಪತಿ ಅಂಕಿತವೂ 2024ರಲ್ಲಿ ಬಿತ್ತು. ಎಡ, ಬಲ, ನಡು ಅಂತ ಭೇದ ಇಲ್ಲ ಇದರಲ್ಲಿ, ನನಗೆ ಬೇಜಾರಾಗೋದು ಅದಕ್ಕೇ.

ಬೆಣ್ಣೆನಗರಿ:
ಗಡಿನಾಡು ಅಣ್ಣ, ಇದು ನಂಗೆ ಗೊತ್ತೇ ಇರ್ಲಿಲ್ಲ. ಹಂಗಾದ್ರೆ ನಾವು ಕಂಪ್ಲೇಂಟ್ ಕೊಟ್ಟು ಪ್ರಯೋಜನನೇ ಇಲ್ವಾ?

ಕರಿಕೋಟು:
ಕೊಡ್ಲೇಬೇಕು. ಫಾರಂ 1ರಲ್ಲಿ ದೂರು, ಫಾರಂ 2ರಲ್ಲಿ ಪ್ರಮಾಣ ಪತ್ರ, ನೋಟರಿ ಮಾಡ್ಸು, ಅರ್ಜಿ ಕೊಟ್ಟ ತಾರೀಕು, ಹಿಂಬರಹ ಎಲ್ಲಾ ಜೆರಾಕ್ಸ್ ಹಚ್ಚು. ದುಡ್ಡು ಕೇಳ್ತಿರೋದು ಈಗ್ಲೂ ನಡೀತಿದ್ರೆ ಮಾತ್ರ ಅದನ್ನೆಲ್ಲಾ ಬಿಟ್ಟು ನೇರ ಜಿಲ್ಲೆಯ ಲೋಕಾಯುಕ್ತ ಪೊಲೀಸ್ರ ಹತ್ರ ಹೋಗು, ಕೊಡೋಕೆ ಮುಂಚೆ ಹೋಗು, ಕೊಟ್ಟ ಮೇಲಲ್ಲ.

ಇನ್ನೊಂದು. ಲೋಕಾಯುಕ್ತ ಕಾಯ್ದೆ 22ನೇ ಸೆಕ್ಷನ್ ಪ್ರಕಾರ ಪ್ರತಿ ಶಾಸಕರೂ ವರ್ಷಾ ವರ್ಷಾ ಜೂನ್ 30ರ ಒಳಗೆ ತಮ್ಮದೂ ಮನೆಯವರದೂ ಆಸ್ತಿ ಸಾಲದ ಲೆಕ್ಕ ಲೋಕಾಯುಕ್ತರಿಗೆ ಕೊಡ್ಬೇಕು. ಕೊಡ್ದೇ ಇದ್ರೆ? ಹೆಸರು ಪೇಪರ್‌ನಲ್ಲಿ ಹಾಕಿಸಬಹುದು, ಅಷ್ಟೇ. ಈ ಕಾಯ್ದೆ ಬರ್ದಿದ್ದು ಶಾಸಕ್ರೇ ಅಲ್ವಾ, ತಮಗೆ ಅನ್ವಯ ಆಗೋ ಜಾಗದಲ್ಲಿ ಶಿಕ್ಷೆ ಇಲ್ಲದ ಹಾಗೆ ಬರ್ಕೊಂಡಿದಾರೆ. ಆ ಹೆಸರುಗಳನ್ನ ಜನ ನೋಡಿ ಪ್ರಶ್ನೆ ಕೇಳಿದ್ರೆ ಮಾತ್ರ ಅದಕ್ಕೊಂದು ಬೆಲೆ.

ಬೆಣ್ಣೆನಗರಿ:
ಥ್ಯಾಂಕ್ಸ್ ಸರ್. ಸೋಮವಾರ ಅಪ್ಪನ್ನ ಕರ್ಕೊಂಡು ಲೋಕಾಯುಕ್ತ ಪೊಲೀಸ್ರ ಹತ್ರ ಹೋಗ್ತೀನಿ. ಹಂಗೇ ನಮ್ಮ ಶಾಸಕರು ಲೆಕ್ಕ ಕೊಟ್ಟಿದಾರಾ ಇಲ್ವಾ ಅಂತನೂ ವಿಚಾರಿಸ್ತೀನಿ, ಏನಾಯ್ತು ಅಂತ ಇಲ್ಲೇ ಬಂದು ಹಾಕ್ತೀನಿ.