ಕ್ಲಾಸ್‌ಗೆ ‘ವರ್ಗ’ವೋ ‘ನಮೂನೆ’ಯೋ?

ಎಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರಿನಲ್ಲಿ ಡಿಪ್ಲೊಮಾ ಹುಡುಗರಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತೇನೆ. ಪಾಠದ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪ್ರೋಗ್ರಾಮಿನಲ್ಲಿ ಕ್ಲಾಸ್ ಅಂದರೆ ಏನೇನು ವಿವರ, ಕೆಲಸ ಇರಬೇಕು ಎಂದು ಹೇಳುವ ಅಚ್ಚು; ಆಬ್ಜೆಕ್ಟ್ ಅಂದರೆ ಆ ಅಚ್ಚಿನಿಂದ ಮಾಡಿದ ಒಂದೊಂದು ಪ್ರತಿ. ಕ್ಲಾಸ್, ಆಬ್ಜೆಕ್ಟ್‌ಗಳಿಗೆ ರೂಢಿಯಲ್ಲಿರುವುದು ‘ವರ್ಗ’ ಮತ್ತು ‘ವಸ್ತು’. ನನ್ನ ತಕರಾರು ‘ವರ್ಗ’ದ ಮೇಲೆ. ವರ್ಗಮೂಲ, ವರ್ಗಾವಣೆಗಳ ಜೊತೆ ಗೊಂದಲ ಅಂತಲ್ಲ. ಅದು ಸಂದರ್ಭದಲ್ಲಿ ಬಗೆಹರಿಯುತ್ತದೆ.

ಇಲ್ಲಿನ ಹುಡುಗರಿಗೆ ಕಾಫಿ ವ್ಯಾಪಾರದ ಲೆಕ್ಕ ಗೊತ್ತು. ಹಾಗಾಗಿ ‘ಚೀಲ’ ಅಂತ ಒಂದು ಕ್ಲಾಸ್ ಬರೆಸುತ್ತೇನೆ. (ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಕೊಡಬಹುದು.) ಬಗೆ, ತೂಕ ಎಂಬ ಎರಡು ವಿವರ. 50 ಕೆಜಿ ದರ ಕೊಟ್ಟರೆ ತನ್ನ ತೂಕಕ್ಕೆ ಎಷ್ಟಾಯಿತು ಎಂದು ಹೇಳುವ ಒಂದು ಮೆಥಡ್, ಅಂದರೆ ಕ್ಲಾಸಿನೊಳಗೇ ಬರೆದ ಒಂದು ಕೆಲಸ. ಇಷ್ಟು ಬರೆದರೂ ಒಂದು ಚೀಲವೂ ಹುಟ್ಟಿರುವುದಿಲ್ಲ.

ಅ = ಚೀಲ("ರೋಬಸ್ಟಾ ಚೆರ್ರಿ", 50)

ಈ ಸಾಲು ಓಡಿದಾಗಲೇ ಮೊದಲ ಆಬ್ಜೆಕ್ಟ್. ಆದರೆ ‘ಚೀಲ ಒಂದು ವರ್ಗ’ ಅಂದ ಕೂಡಲೇ ಪ್ರಶ್ನೆ ಬರುತ್ತದೆ: “ಸಾರ್, ಆ ವರ್ಗದಲ್ಲಿ ಒಟ್ಟು ಎಷ್ಟು ಚೀಲ ಇವೆ?” ಹುಡುಗರ ತಪ್ಪಲ್ಲ. ಮಧ್ಯಮ ವರ್ಗ, ಹಿಂದುಳಿದ ವರ್ಗ ಅಂದಾಗ ಆಗಲೇ ಇರುವವರನ್ನು ಒಟ್ಟು ಸೇರಿಸಿರುತ್ತೇವೆ, ಅಲ್ವಾ? ಇಲ್ಲಿ ಕ್ಲಾಸ್ ಮೊದಲು, ವಸ್ತು ಆಮೇಲೆ.

ನನಗೆ ಹೊಳೆದದ್ದು ‘ನಮೂನೆ’. ಮಲೆನಾಡಿನಲ್ಲಿ ನಮೂನೆ 53, ನಮೂನೆ 57 ಕೇಳದವರು ಯಾರು? ಬಗರ್‌ಹುಕುಂ ಜಮೀನು ಸಕ್ರಮಕ್ಕೆ ಹಾಕುತ್ತಿದ್ದ ಅರ್ಜಿಗಳು. ಖಾಲಿ ನಮೂನೆ ಒಂದೇ, ತುಂಬಿದ ಅರ್ಜಿಗಳು ರಾಶಿ. ನನ್ನ ಅರ್ಜಿಯಲ್ಲಿ ಸರ್ವೆ ನಂಬರ್ ತಿದ್ದಿದರೆ ಪಕ್ಕದ ಮನೆಯವರದು ಬದಲಾಗುವುದಿಲ್ಲ. ಹುಡುಗರಿಗೆ ಇದು ತಟ್ಟನೆ ಹತ್ತುತ್ತದೆ.

ಅಡ್ಡಿಗಳೂ ಇವೆ. ಕಾಗದದ ನಮೂನೆ ತಾನಾಗಿ ಲೆಕ್ಕ ಹಾಕುವುದಿಲ್ಲ. ಕ್ಲಾಸಿನಲ್ಲಾದರೆ ವಿವರ, ಕೆಲಸ ಎರಡೂ ಒಟ್ಟಿಗೇ ಇರುತ್ತವೆ. ನಾರ್ವೆಯಲ್ಲಿ ಹುಟ್ಟಿದ ಸಿಮುಲಾ 67 ಪ್ರೋಗ್ರಾಮಿಂಗ್ ಭಾಷೆಯ ಕಾಲದಿಂದಲೂ ಹೀಗೇ. ಜಾಸ್ತಿ ಕಾಡುವುದು ಇನ್ನೊಂದು. ಪರೀಕ್ಷೆಗೆ ಕಳಿಸುವ ‘ಮಣ್ಣಿನ ನಮೂನೆ’ ತೋಟದಿಂದಲೇ ತೆಗೆದ ಹಿಡಿ ಮಣ್ಣು. ಅಲ್ಲಿ ನಮೂನೆಯೇ ವಸ್ತು!

‘ವಸ್ತು’ವಿಗೆ ನನ್ನ ವಿರೋಧವಿಲ್ಲ. ‘ಬೆಳೆಗಾರ’ ಅಂತ ಕ್ಲಾಸ್ ಮಾಡಿ, ಅವನನ್ನು ವಸ್ತು ಅಂದರೆ ಹಿಂದಿನ ಬೆಂಚಿನಲ್ಲಿ ನಗುತ್ತಾರೆ, ನಗಲಿ. ಇನ್‌ಸ್ಟನ್ಸ್‌ಗೆ (ಅಂದರೆ ಒಂದು ಕ್ಲಾಸಿನಿಂದ ಹುಟ್ಟಿದ ಆಬ್ಜೆಕ್ಟಿಗೆ) ‘ನಿದರ್ಶನ’ ಅಂತ ಬೇರೆ ಪದ ಹೊರಿಸುವುದು ಸುಮ್ನೆ ಭಾರ. ‘ಚೀಲದ ಒಂದು ವಸ್ತು’ ಸಾಕು. ಆದರೆ ‘ಆ = ಅ’ ಅಂತ ಬರೆದು ಆ.ತೂಕವನ್ನು 48 ಮಾಡಿದರೆ ಅ.ತೂಕವೂ 48 ಆಗುತ್ತದೆ. ಇಲ್ಲಿ ವಸ್ತು ಒಂದೇ, ಹೆಸರು ಎರಡು. ಹಾಗಾಗಿ ಅ, ಆ ಥರದ ವೇರಿಯಬಲ್‌ಗೆ ಈ ಪಾಠದಲ್ಲಿ ‘ಹೆಸರು’ ಅಂತಲೇ ಬರೆಯುತ್ತಿದ್ದೇನೆ.

ಧಾರವಾಡದ ಕಡೆಯವರನ್ನು ಒಂದು ಕೇಳಬೇಕು. ನಿಮ್ಮಲ್ಲಿ ‘ನಮೂನಿ’ ಅಂದರೆ ‘ಬಗೆ’, ‘ರೀತಿ’ ಅಂತ ತಾನೇ ಮೊದಲು ಹೊಳೆಯುವುದು? ‘ಚೀಲ ಒಂದು ನಮೂನೆ’ ಅಂತ ಓದಿದರೆ ಏನು ಅರ್ಥವಾಗುತ್ತದೆ?